ಡಿವಿಡಿ ರೆಕಾರ್ಡರ್ ಡಿಸ್ಕ್ ಓದುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಟಿ.ವಿ. ಕೆಳಗೆ ವರ್ಷಗಟ್ಟಲೆ ಸುಮ್ನೆ ಕೂತಿದ್ದ ಡಿವಿಡಿ ರೆಕಾರ್ಡರ್, ನೆಂಟರು ಬಂದ ದಿನ ಇದ್ದಕ್ಕಿದ್ದಂತೆ ನೆನಪಾಗುತ್ತದೆ. ಯಾರದೋ ನಾಮಕರಣದ ಡಿಸ್ಕ್ ಹಾಕುತ್ತೇವೆ. ಯಂತ್ರ ಗುರ್ ಅನ್ನುತ್ತದೆ, ‘ಲೋಡಿಂಗ್’ ಅಂತ ತೋರಿಸುತ್ತದೆ, ಕೊನೆಗೆ ‘ನೋ ಡಿಸ್ಕ್’ ಅಂದು ಸುಮ್ಮನಾಗುತ್ತದೆ. ಆಮೇಲೆ ನನಗೆ ಫೋನ್ ಬರುತ್ತದೆ. ನಾನು ಮೆಕ್ಯಾನಿಕ್ ಅಲ್ಲ. 2006ರಲ್ಲಿ ಕೊಂಡ ರೆಕಾರ್ಡರನ್ನು ಇವತ್ತಿಗೂ ಓಡಿಸುತ್ತಿರುವ ಹಟಮಾರಿ, ಅಷ್ಟೇ. ನೆಂಟರು, ಅಕ್ಕಪಕ್ಕದವರು ಕೇಳಿದ ಪ್ರಶ್ನೆಗಳಿಗೆ ನಾನು ಕೊಡುತ್ತಾ ಬಂದ ಉತ್ತರಗಳು ಇಲ್ಲಿವೆ.

ಕೆಟ್ಟಿರುವುದು ಯಂತ್ರವೋ ಡಿಸ್ಕೋ? ತಿಳಿಯುವುದು ಹೇಗೆ?

ಸ್ಕ್ರೂಡ್ರೈವರ್ ಎತ್ತುವ ಮೊದಲು ಮೂರು ಡಿಸ್ಕ್ ಹುಡುಕಿ. ಒಂದು ಹಾಡಿನ ಸಿಡಿ ಅಥವಾ ವಿಸಿಡಿ. ಇನ್ನೊಂದು ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ. ಮೂರನೆಯದು ಮನೆಯಲ್ಲೋ ಸ್ಟುಡಿಯೋದಲ್ಲೋ ಬರ್ನ್ ಮಾಡಿದ ಡಿವಿಡಿ. ಒಂದೊಂದಾಗಿ ಹಾಕಿ ನೋಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಸಿಡಿ ಓಡುತ್ತದೆ, ಡಿವಿಡಿ ಓಡುವುದಿಲ್ಲ ಎಂದರೆ ಗಾಬರಿಯಾಗಬೇಡಿ, ಇದು ತುಂಬ ಸಾಮಾನ್ಯ. ಸಿಡಿ ಓದಲು 780 ನ್ಯಾನೊಮೀಟರಿನ ಲೇಸರ್, ಡಿವಿಡಿ ಓದಲು 650 ನ್ಯಾನೊಮೀಟರಿನ ಕೆಂಪು ಲೇಸರ್. ಯಂತ್ರದೊಳಗೆ ಎರಡೂ ಇರುತ್ತವೆ. ಒಂದು ಸೊರಗಿದರೂ ಇನ್ನೊಂದು ಚೆನ್ನಾಗಿರಬಹುದು. ಅದೂ ಅಲ್ಲದೆ ಡಿವಿಡಿಯ ಗೆರೆಗಳು ಬಹಳ ಸಣ್ಣ. ಸಿಡಿಯಲ್ಲಿ ಎರಡು ಸುತ್ತಿನ ನಡುವೆ 1.6 ಮೈಕ್ರಾನ್ ಅಂತರ ಇದ್ದರೆ ಡಿವಿಡಿಯಲ್ಲಿ 0.74 ಮಾತ್ರ. ತಲೆಗೂದಲೊಂದರ ದಪ್ಪದಲ್ಲಿ ಸುಮಾರು ನೂರು ಸುತ್ತು ಹಿಡಿಸುತ್ತವೆ. ಲೆನ್ಸಿನ ಮೇಲೆ ತೆಳ್ಳನೆಯ ದೂಳು ಕೂತರೆ ಸಿಡಿಗೆ ಏನೂ ಆಗದಿರಬಹುದು, ಡಿವಿಡಿ ಮುಗ್ಗರಿಸುತ್ತದೆ.

ಸಿನಿಮಾ ಡಿವಿಡಿ ಓಡಿ, ಬರ್ನ್ ಮಾಡಿದ್ದು ಓಡದಿದ್ದರೆ ಎರಡು ಅನುಮಾನ. ಒಂದು, ಡಿಸ್ಕನ್ನು ಫೈನಲೈಸ್ ಮಾಡಿಲ್ಲ (ಇದರ ಬಗ್ಗೆ ಕೆಳಗೆ ಬರೆದಿದ್ದೇನೆ). ಎರಡು, ಲೆನ್ಸ್ ಕೊಳೆಯಾಗಿದೆ ಅಥವಾ ಲೇಸರ್ ಸೊರಗುತ್ತಿದೆ. ಸಿನಿಮಾ ಡಿಸ್ಕಿನಲ್ಲಿ ಮಾಹಿತಿ ಅಚ್ಚೊತ್ತಿದ ಗುಳಿಗಳಾಗಿ ಇರುತ್ತದೆ. ಬರ್ನ್ ಮಾಡಿದ್ದರಲ್ಲಿ ಬಣ್ಣದ ಪದರದಲ್ಲಿ ಸುಟ್ಟ ಗುರುತುಗಳಾಗಿ ಇರುತ್ತದೆ. ಓದಲು ಎರಡನೆಯದೇ ಕಷ್ಟ. ಅಳಿಸಿ ಬರೆಯುವ ಆರ್‌ಡಬ್ಲ್ಯು ಡಿಸ್ಕ್ ಇನ್ನೂ ಕಡಿಮೆ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಲೇಸರಿಗೆ ವಯಸ್ಸಾದಾಗ ಮೊದಲು ಕೈಕೊಡುವುದು ಆರ್‌ಡಬ್ಲ್ಯು.

ಒಂದೇ ಒಂದು ಡಿಸ್ಕ್ ಓಡುತ್ತಿಲ್ಲ, ಅದೇ ಬಗೆಯ ಉಳಿದ ಡಿಸ್ಕುಗಳೆಲ್ಲ ಓಡುತ್ತಿವೆ ಎಂದರೆ ಯಂತ್ರವನ್ನು ಮುಟ್ಟಲೇಬೇಡಿ. ತಪ್ಪು ಆ ಡಿಸ್ಕಿನದು. ಒಂದು ಬಗೆಯ ಡಿಸ್ಕುಗಳೆಲ್ಲ ಅಥವಾ ಮೂರೂ ಬಗೆಯವು ಓಡದಿದ್ದರೆ ಯಂತ್ರದ ಕಡೆ ತಿರುಗಿ.

ಡಿಸ್ಕ್ ಹೊಸದು, ಗೀರಿಲ್ಲ. ಆದರೂ ರೀಡ್ ಆಗ್ತಿಲ್ಲವಲ್ಲ?

ನಮ್ಮಲ್ಲಿ ದುಂಡಗೆ ಹೊಳೆಯುವುದೆಲ್ಲ ‘ಸಿಡಿ’. ಮದುವೆ ಸಿಡಿ ಅಂತ ತಂದು ಕೊಡುತ್ತಾರೆ, ನೋಡಿದರೆ ಒಳಗೆ ಎಂಪಿ4 ಫೈಲ್ ಇರುತ್ತದೆ. ಈಚಿನ ವರ್ಷಗಳಲ್ಲಿ ಎಷ್ಟೋ ಸ್ಟುಡಿಯೋದವರು ಹೀಗೆ ಫೈಲನ್ನೇ ಡಿಸ್ಕಿಗೆ ಹಾಕಿ ಕೊಡುತ್ತಾರೆ. ಹಳೆಯ ರೆಕಾರ್ಡರಿಗೆ ಗೊತ್ತಿರುವುದು ಎಂಪೆಗ್-2 ಮಾದರಿಯ ಡಿವಿಡಿ ವಿಡಿಯೋ. ಎಂಪಿ4 ಕಂಡರೆ ಅದು ಬೆಪ್ಪಾಗುತ್ತದೆ. ಕಂಪ್ಯೂಟರಿನಲ್ಲಿ ಡಿಸ್ಕ್ ತೆರೆದು ನೋಡಿ. ‘ವಿಡಿಯೋ ಟಿಎಸ್’ ಹೆಸರಿನ ಫೋಲ್ಡರ್ ಇದ್ದರೆ ಅದು ನಿಜವಾದ ಡಿವಿಡಿ. ಬ್ಲೂ-ರೇ ಡಿಸ್ಕಂತೂ ಡಿವಿಡಿ ಯಂತ್ರದಲ್ಲಿ ಓಡುವ ಪ್ರಶ್ನೆಯೇ ಇಲ್ಲ, ಅದಕ್ಕೆ 405 ನ್ಯಾನೊಮೀಟರಿನ ಬೇರೆ ಲೇಸರ್ ಬೇಕು.

ಲೆನ್ಸ್ ಒರೆಸುವುದು ಹೇಗೆ?

ರೀಡ್ ಆಗದ ಯಂತ್ರಗಳಲ್ಲಿ ನಾನು ಮೊದಲು ನೋಡುವುದೇ ಲೆನ್ಸ್. ನಮ್ಮ ಮನೆಗಳಲ್ಲಿ ಅದು ಕೊಳೆಯಾಗಲು ಕಾರಣಗಳಿಗೆ ಬರವಿಲ್ಲ. ಒಗ್ಗರಣೆಯ ಎಣ್ಣೆ ಹೊಗೆ, ಪಕ್ಕದ ದೇವರ ಗೂಡಿನ ಊದಿನಕಡ್ಡಿ ಹೊಗೆ, ಬೇಸಿಗೆಯಲ್ಲಿ ರಸ್ತೆ ದೂಳು. ಮೂರೂ ಸೇರಿ ಲೆನ್ಸಿನ ಮೇಲೆ ಜಿಡ್ಡಿನ ಪೊರೆಯಾಗುತ್ತವೆ.

ಮೊದಲು ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಒಳಗಿನ ಪವರ್ ಸಪ್ಲೈನಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ನಮ್ಮ 230 ವೋಲ್ಟ್ ಕರೆಂಟಿಗೆ ಅದರೊಳಗೆ 325 ವೋಲ್ಟಿನಷ್ಟು ಸೇರಿಕೊಂಡಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಆ ಭಾಗಕ್ಕೆ ಕೈ ಹಾಕಬೇಡಿ.

ಮೇಲಿನ ಮುಚ್ಚಳ ತೆಗೆದರೆ ಸಾದಾ ಪ್ಲೇಯರಿನಲ್ಲಿ ಲೆನ್ಸ್ ಕಣ್ಣಿಗೆ ಕಾಣುತ್ತದೆ: ಸಣ್ಣ ಬಟನ್ನಿನಂಥ, ನೀಲಿ ಛಾಯೆಯ ಚುಕ್ಕೆ. ರೆಕಾರ್ಡರಿನಲ್ಲಿ ಡ್ರೈವ್ ಬೇರೆಯೇ ತಗಡಿನ ಡಬ್ಬಿಯಲ್ಲಿ ಇರುತ್ತದೆ, ಅದನ್ನೂ ಬಿಚ್ಚಬೇಕು. ಹತ್ತಿ ಸುತ್ತಿದ ಕಿವಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಒಂದು ಸಲ ಮೆಲ್ಲಗೆ ಒರೆಸಿ. ಒತ್ತಬೇಡಿ. ಲೆನ್ಸ್ ತೆಳ್ಳನೆಯ ತಂತಿಗಳ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಸೊಟ್ಟಗಾಗುತ್ತದೆ. ಆಮೇಲೆ ಒಣ ಕಡ್ಡಿಯಿಂದ ಇನ್ನೊಂದು ಸಲ. ಹತ್ತು ನಿಮಿಷ ಆರಲು ಬಿಟ್ಟು, ಮುಚ್ಚಳ ಹಾಕಿ, ಪ್ಲಗ್ ಚುಚ್ಚಿ. ಮುಚ್ಚಳ ತೆಗೆದೇ ಓಡಿಸಿ ಲೇಸರನ್ನು ಇಣುಕಿ ನೋಡುವ ಆಸೆ ಬೇಡ. ಬರೆಯುವ ಲೇಸರಿಗೆ ಓದುವುದಕ್ಕಿಂತ ಎಷ್ಟೋ ಪಟ್ಟು ಶಕ್ತಿ ಇರುತ್ತದೆ, ಕಣ್ಣು ಹೋಗುತ್ತದೆ.

ನನ್ನ ಮೊದಲ ಪ್ಲೇಯರ್ ಸತ್ತದ್ದು ಈ ಒರೆಸುವ ಕೆಲಸದಲ್ಲೇ. ಆಲ್ಕೋಹಾಲ್ ಸಿಗಲಿಲ್ಲ ಅಂತ ತಂಗಿಯ ಉಗುರುಬಣ್ಣ ಅಳಿಸುವ ದ್ರವ ಹಚ್ಚಿದೆ. ಅದರಲ್ಲಿ ಇರುವುದು ಅಸಿಟೋನ್. ಪ್ಲಾಸ್ಟಿಕ್ ಲೆನ್ಸ್ ನನ್ನ ಕಣ್ಣೆದುರೇ ಮಜ್ಜಿಗೆ ಬಣ್ಣಕ್ಕೆ ತಿರುಗಿತು. ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್ ಯಾವುದೂ ಬೇಡ. ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುತ್ತದೆ, ಒರೆಸಿದ ಮೇಲೆ ಅಂಟು ಉಳಿಯುತ್ತದೆ.

ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ಸಿಗುತ್ತದಲ್ಲ, ಸಾಲದಾ?

ಒಣ ದೂಳಿದ್ದರೆ ಸಾಕು. ಎಣ್ಣೆ ಜಿಡ್ಡಿಗೆ ಅದು ಏನೂ ಮಾಡುವುದಿಲ್ಲ. ಕೆಲವು ಕಂಪನಿಗಳು ತಮ್ಮ ರೆಕಾರ್ಡರಿಗೆ ಅದನ್ನು ಹಾಕಬೇಡಿ ಅಂತಲೇ ಪುಸ್ತಕದಲ್ಲಿ ಬರೆದಿವೆ. ನಿಮ್ಮ ಪುಸ್ತಕ ಒಮ್ಮೆ ನೋಡಿ.

ಡಿಸ್ಕ್ ತೊಳೆಯಬಹುದಾ? ಗೀರಿಗೆ ಟೂತ್‌ಪೇಸ್ಟ್ ಹಚ್ಚಬಹುದಾ?

ತೊಳೆಯಬಹುದು. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಬೆರಳಿನಿಂದ ಮೆಲ್ಲಗೆ ತಿಕ್ಕಿ. ಒರೆಸಲು ಕನ್ನಡಕದ ಬಟ್ಟೆಯೋ ಒಗೆದು ಒಗೆದು ಮೆತ್ತಗಾದ ಹಳೆ ಪಂಚೆಯೋ ಸಾಕು. ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಎಳೆಯಿರಿ, ದುಂಡಗೆ ತಿರುಗಿಸಿ ಒರೆಸಬೇಡಿ. ಕಾರಣ ಇದೆ. ಅಡ್ಡಡ್ಡ ಬಿದ್ದ ಗೀರು ಒಂದೊಂದು ಸುತ್ತಿನಲ್ಲಿ ಚೂರೇ ಚೂರು ಹಾಳು ಮಾಡುತ್ತದೆ, ಅಷ್ಟನ್ನು ಯಂತ್ರ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಗುಂಟ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೆ ನುಂಗಿಬಿಡುತ್ತದೆ.

ಟೂತ್‌ಪೇಸ್ಟ್ ಕೊನೆಯ ಪ್ರಯತ್ನ. ಬಿಳಿ ಪೇಸ್ಟ್, ಜೆಲ್ ಅಲ್ಲ. ಮೇಲ್ಮೈಯ ಸಣ್ಣ ಗೀರು ಸ್ವಲ್ಪ ನುಣುಪಾಗುತ್ತದೆ. ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಎಷ್ಟು ಬರುತ್ತದೋ ಅಷ್ಟನ್ನು ಕಾಪಿ ಮಾಡಿಕೊಂಡಿರಿ.

ಒಂದು ವ್ಯತ್ಯಾಸ ತಿಳಿದಿರಲಿ. ಸಿಡಿಯ ಮಾಹಿತಿ ಪದರ ಇರುವುದು ಹೆಸರು ಬರೆಯುವ ಬದಿಯಲ್ಲಿ, ತೆಳು ಲ್ಯಾಕರಿನ ಕೆಳಗೆ. ಅಲ್ಲಿ ಗೀರು ಬಿದ್ದರೆ ಮುಗಿಯಿತು. ಡಿವಿಡಿ ಹಾಗಲ್ಲ. 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿರುತ್ತಾರೆ, ಮಾಹಿತಿ ನಡುವೆ ಇರುತ್ತದೆ. ಅದಕ್ಕೆ ಭಯ ಬಗ್ಗಿಸುವುದರಿಂದ. ಗಟ್ಟಿ ಡಬ್ಬಿಯಿಂದ ತೆಗೆಯುವಾಗ ಅಂಚು ಹಿಡಿದು ಎಳೆಯುತ್ತೇವಲ್ಲ, ಆಗ ಅಂಟು ಬಿಡುತ್ತದೆ. ನಡುವಿನ ಗುಬುಟು ಒತ್ತಿ, ಡಿಸ್ಕ್ ತಾನೇ ಮೇಲೇಳುತ್ತದೆ.

ನಮ್ಮ ರೆಕಾರ್ಡರಿನಲ್ಲಿ ಓಡುತ್ತೆ, ಬೇರೆಯವರ ಮನೆಯಲ್ಲಿ ಓಡಲ್ಲ. ಯಾಕೆ?

ಫೈನಲೈಸ್ ಮಾಡಿಲ್ಲ. ನನಗೆ ಬರುವ ಫೋನುಗಳಲ್ಲಿ ಇದಕ್ಕೇ ಮೊದಲ ಬಹುಮಾನ. ರೆಕಾರ್ಡರ್ ಡಿಸ್ಕಿಗೆ ಬರೆಯುವಾಗ ‘ಇನ್ನೂ ಬರೆಯುವುದಿದೆ’ ಅಂತ ಬಾಗಿಲು ತೆರೆದೇ ಇಟ್ಟಿರುತ್ತದೆ. ಬರೆದ ರೆಕಾರ್ಡರಿಗೆ ಆ ಗುಟ್ಟು ಗೊತ್ತು, ಬೇರೆ ಪ್ಲೇಯರಿಗೆ ಗೊತ್ತಿಲ್ಲ. ಫೈನಲೈಸ್ ಎಂದರೆ ಪರಿವಿಡಿ ಬರೆದು ಬಾಗಿಲು ಮುಚ್ಚುವುದು. ಸೆಟಪ್ ಅಥವಾ ಡಿಸ್ಕ್ ಮೆನುವಿನಲ್ಲಿ ಆ ಹೆಸರಿನ ಆಯ್ಕೆ ಇರುತ್ತದೆ. ಕೆಲವು ನಿಮಿಷ ಹಿಡಿಯುತ್ತದೆ. ವಿಚಿತ್ರ ಏನೆಂದರೆ, ಡಿಸ್ಕಿನಲ್ಲಿ ಕಡಿಮೆ ರೆಕಾರ್ಡ್ ಆಗಿದ್ದರೆ ಜಾಸ್ತಿ ಹೊತ್ತು ಬೇಕಾಗಬಹುದು, ಯಾಕೆಂದರೆ ಖಾಲಿ ಜಾಗವನ್ನು ಒಂದು ಅಳತೆಯವರೆಗೆ ತುಂಬಿಸಬೇಕು.

ಬರೆದ ಯಂತ್ರದಲ್ಲೇ ಫೈನಲೈಸ್ ಮಾಡಿ. ಇನ್ನೊಂದು ಕಂಪನಿಯ ರೆಕಾರ್ಡರ್ ಮಾಡುತ್ತದೆ ಅನ್ನುವ ಭರವಸೆ ಇಲ್ಲ. ಹಳೆಯ ರೆಕಾರ್ಡರನ್ನು ಗುಜರಿಗೆ ಹಾಕುವ ಮೊದಲು ನಿಮ್ಮ ಎಲ್ಲ ಡಿಸ್ಕುಗಳೂ ಫೈನಲೈಸ್ ಆಗಿವೆಯೇ ನೋಡಿಕೊಳ್ಳಿ, ದಯವಿಟ್ಟು.

ಇದರ ಜೊತೆಗೆ ‘ವಿಆರ್ ಮೋಡ್’ ಅಂತ ಒಂದಿದೆ. ಜಾಹೀರಾತು ಕತ್ತರಿಸಿ ಎಡಿಟ್ ಮಾಡಲು ಅನುಕೂಲ ಅಂತ ಅದರಲ್ಲಿ ರೆಕಾರ್ಡ್ ಮಾಡಿದ್ದರೆ, ಫೈನಲೈಸ್ ಆದ ಮೇಲೂ ಸಾದಾ ಪ್ಲೇಯರ್ ಓದದಿರಬಹುದು. ಬೇರೆಯವರಿಗೆ ಕೊಡುವ ಡಿಸ್ಕಾದರೆ ‘ವಿಡಿಯೋ ಮೋಡ್’ ಆರಿಸಿ. ಡಿವಿಡಿ-ರ್ಯಾಮ್ ಡಿಸ್ಕಿಗೂ ಇದೇ ಗೋಳು, ಅದನ್ನು ಓದುವ ಪ್ಲೇಯರುಗಳೇ ಕಡಿಮೆ.

ರೆಕಾರ್ಡ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಈಗ ಡಿಸ್ಕ್ ಹಾಕಿದರೆ ಎರರ್ ಬರುತ್ತದೆ.

ಅದೇ ರೆಕಾರ್ಡರಿಗೆ ಹಾಕಿ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಕೆಲವು ಯಂತ್ರಗಳು ‘ರಿಪೇರಿಂಗ್’ ಅಂತ ತೋರಿಸಿ ತಾವೇ ಸರಿಮಾಡಿಕೊಳ್ಳುತ್ತವೆ. ಆಗದಿದ್ದರೆ ವಿಡಿಯೋ ಡಿಸ್ಕಿನಲ್ಲೇ ಇರುತ್ತದೆ, ಪರಿವಿಡಿ ಮಾತ್ರ ಇರುವುದಿಲ್ಲ. ಐಸೊಬಸ್ಟರ್ ಎಂಬ ಸಾಫ್ಟ್‌ವೇರ್ ಪರಿವಿಡಿ ಇಲ್ಲದ ಡಿಸ್ಕಿನಿಂದಲೂ ವಿಡಿಯೋ ಹೆಕ್ಕುತ್ತದೆ. ಫಾರ್ಮ್ಯಾಟ್ ಮಾಡಲಾ ಅಂತ ರೆಕಾರ್ಡರ್ ಕೇಳಿದರೆ ಬೇಡ ಅನ್ನಿ.

ಖಾಲಿ ಡಿಸ್ಕನ್ನೇ ಗುರುತಿಸುತ್ತಿಲ್ಲ.

ಡಿಸ್ಕಿನ ಮೇಲೆ ಅಡ್ಡಗೆರೆ ಇದೆಯೋ ಕೂಡು ಚಿಹ್ನೆ ಇದೆಯೋ ನೋಡಿ. ಡಿವಿಡಿ-ಆರ್ ಬೇರೆ, ಡಿವಿಡಿ+ಆರ್ ಬೇರೆ. ಎರಡು ಗುಂಪಿನ ಕಂಪನಿಗಳು ಹಟಕ್ಕೆ ಬಿದ್ದು ಎರಡು ಪದ್ಧತಿ ಮಾಡಿದವು. ಆ ಕಾಲದ ಎಷ್ಟೋ ರೆಕಾರ್ಡರುಗಳು ಒಂದನ್ನು ಮಾತ್ರ ಒಪ್ಪುತ್ತವೆ. ಎರಡನೆಯದು ವೇಗ. 4ಎಕ್ಸ್, 8ಎಕ್ಸ್ ಕಾಲದ ಯಂತ್ರಕ್ಕೆ 16ಎಕ್ಸ್ ಡಿಸ್ಕಿನ ಪರಿಚಯವೇ ಇರುವುದಿಲ್ಲ. ಡಬಲ್ ಲೇಯರ್, ಅಂದರೆ 8.5 ಜಿಬಿ ಡಿಸ್ಕೂ ಹಾಗೇ. 4.7 ಜಿಬಿಯ ಸಾದಾ ಡಿಸ್ಕ್ ಹಾಕಿ ನೋಡಿ. ಇದ್ಯಾವುದೂ ಅಲ್ಲದೆ, ಡಿಸ್ಕ್ ಓಡುತ್ತದೆ ಆದರೆ ರೆಕಾರ್ಡ್ ಆಗುವುದಿಲ್ಲ ಎಂದರೆ ಬರೆಯುವಷ್ಟು ಶಕ್ತಿ ಲೇಸರಿನಲ್ಲಿ ಉಳಿದಿಲ್ಲ ಅಂತ ಅರ್ಥ.

ಒಳಗಿಂದ ಕಟಕಟ ಸದ್ದು ಬರುತ್ತದೆ.

ಲೆನ್ಸಿನ ಗಾಡಿ ಡಿಸ್ಕಿನ ಶುರುವನ್ನು ಹುಡುಕಿ ಸಿಗದೆ ತುದಿಗೆ ಬಡಿಯುತ್ತಿದೆ. ಅದು ಓಡುವ ಸರಳಿನ ಗ್ರೀಸ್ ಒಣಗಿದ್ದರೂ ಹೀಗಾಗುತ್ತದೆ. ಹಳೆ ಗ್ರೀಸ್ ಒರೆಸಿ, ಸಾಸಿವೆಯಷ್ಟು ಹೊಸದು ಹಚ್ಚಿ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ಇರುವೆಯೂ ಬರುತ್ತದೆ. ಡಿಸ್ಕ್ ತಿರುಗುವುದೇ ಇಲ್ಲ ಎಂದರೆ ಒಂದೋ ಮೋಟರ್ ಹೋಗಿದೆ, ಇಲ್ಲವೇ ಲೆನ್ಸಿಗೆ ಡಿಸ್ಕ್ ಕಂಡೇ ಇಲ್ಲ. ಡಿಸ್ಕ್ ಕಾಣದೆ ಮೋಟರ್ ವೇಗ ಹಿಡಿಯುವುದಿಲ್ಲ, ಹಾಗಾಗಿ ಮೋಟರ್ ಬದಲಿಸುವ ಮೊದಲು ಲೆನ್ಸ್ ಒರೆಸಿ. ತಿರುಗಲು ಶುರುವಾದೊಡನೆ ಡಿಸ್‌ಪ್ಲೇ ಮಂಕಾಗಿ ಯಂತ್ರ ಆಫ್ ಆಗುತ್ತದೆಯೇ? ಪವರ್ ಸಪ್ಲೈನಲ್ಲಿ ತಲೆ ಉಬ್ಬಿದ ಕೆಪಾಸಿಟರ್ ಇರಬಹುದು. ಅಗ್ಗದ ಭಾಗ, ಟಿ.ವಿ. ರಿಪೇರಿಯವರು ಬದಲಿಸಿ ಕೊಡುತ್ತಾರೆ.

ಟ್ರೇ ಈಚೆಗೇ ಬರುತ್ತಿಲ್ಲ, ಡಿಸ್ಕ್ ಒಳಗೇ ಸಿಕ್ಕಿಕೊಂಡಿದೆ.

ಹಲವು ಡ್ರೈವ್‌ಗಳ ಮುಂಭಾಗದಲ್ಲಿ ಸೂಜಿಯಷ್ಟು ತೂತು ಇರುತ್ತದೆ. ಪ್ಲಗ್ ತೆಗೆದು, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಅದರೊಳಗೆ ತಳ್ಳಿ. ಪದೇ ಪದೇ ಹೀಗಾದರೆ ಟ್ರೇಯ ರಬ್ಬರ್ ಬೆಲ್ಟ್ ಸಡಿಲವಾಗಿದೆ.

ಮಳೆಗಾಲದಲ್ಲಿ ಮಾತ್ರ ಕೈಕೊಡುತ್ತದೆ. ಇದೇನು ಮಾಯೆ?

ಮಾಯೆ ಅಲ್ಲ, ತೇವ. ಮಲೆನಾಡು, ಕರಾವಳಿಯವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಲೆನ್ಸಿನ ಮೇಲೆ ಮಂಜು ಕೂರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಬೂಷ್ಟು ಬೆಳೆಯುತ್ತದೆ. ಡಿಸ್ಕ್ ಹಾಕದೆ ಒಂದೆರಡು ಗಂಟೆ ಆನ್ ಮಾಡಿ ಇಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಒಳ್ಳೆಯ ಅಭ್ಯಾಸ. ಪ್ಲಾಸ್ಟಿಕ್ ಕವರ್ ಹೊದಿಸಿ ಕಾಪಾಡುತ್ತೇನೆ ಅನ್ನುವವರು ತೇವವನ್ನು ಒಳಗೇ ಕಟ್ಟಿಡುತ್ತಾರೆ.

ಅಮೆರಿಕದಲ್ಲಿರುವ ಮಗನಿಗೆ ಮದುವೆ ಡಿವಿಡಿ ಕಳಿಸಿದೆವು. ಅಲ್ಲಿ ಓಡುತ್ತಿಲ್ಲವಂತೆ.

ಎಲ್ಲರೂ ರೀಜನ್ ಕೋಡ್ (ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅನ್ನುವ ಬೀಗ) ಅಂತ ದೂರುತ್ತಾರೆ. ಭಾರತ ರೀಜನ್ 5, ಅಮೆರಿಕ ರೀಜನ್ 1, ನಿಜ. ಆದರೆ ಅದು ಸಿನಿಮಾ ಡಿಸ್ಕಿನ ಮಾತು. ಮನೆಯಲ್ಲಿ ಬರ್ನ್ ಮಾಡಿದ್ದಕ್ಕೆ ಆ ಬೀಗ ಇರುವುದಿಲ್ಲ. ಇಲ್ಲಿ ತೊಡಕು ಎರಡು ಬೇರೆ ಬೇರೆ ಟಿ.ವಿ. ಚಿತ್ರ ಪದ್ಧತಿಗಳದು, ಪಾಲ್ ಮತ್ತು ಎನ್‌ಟಿಎಸ್‌ಸಿ. ನಮ್ಮದು ಪಾಲ್, ಸೆಕೆಂಡಿಗೆ 25 ಚಿತ್ರ, 576 ಗೆರೆ. ಅವರದು ಸುಮಾರು 30 ಚಿತ್ರ, 480 ಗೆರೆ. ಅಲ್ಲಿನ ಬಹಳಷ್ಟು ಪ್ಲೇಯರುಗಳು ಪಾಲ್ ತೋರಿಸುವುದಿಲ್ಲ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಸಾಫ್ಟ್‌ವೇರ್ ಹಾಕಿ ನೋಡಲು ಹೇಳಿ, ಓಡುತ್ತದೆ. ಅಲ್ಲಿಂದ ಬಂದ ಡಿಸ್ಕ್ ಇಲ್ಲಿ ಓಡುವುದು ಅಷ್ಟು ಕಷ್ಟವಲ್ಲ, ನಮ್ಮಲ್ಲಿ ಮಾರುತ್ತಿದ್ದ ಪ್ಲೇಯರುಗಳು ಹೆಚ್ಚಾಗಿ ಎರಡನ್ನೂ ತೋರಿಸುತ್ತವೆ.

ರಿಪೇರಿ ಮಾಡಿಸಬಹುದಾ, ಗುಜರಿಗೆ ಹಾಕಬೇಕಾ?

ಸಾದಾ ಪ್ಲೇಯರ್ ಆದರೆ ಮಾಡಿಸಿ. ಬಹಳ ಪ್ಲೇಯರುಗಳಲ್ಲಿ ಇರುವುದು ಸೋನಿಯ ಕೆಎಚ್‌ಎಂ-313 ಅಥವಾ ಸ್ಯಾನ್ಯೋದ ಎಸ್‌ಎಫ್-ಎಚ್‌ಡಿ62 ಥರದ ಪಿಕಪ್, ಅಂದರೆ ಲೆನ್ಸ್, ಲೇಸರ್ ಎರಡೂ ಇರುವ ಭಾಗ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಿ. ಹೊಸ ಪಿಕಪ್ಪಿನಲ್ಲಿ ಲೇಸರ್ ಸುಡದಂತೆ ಸಣ್ಣ ಚುಕ್ಕಿ ಬೆಸುಗೆ ಹಾಕಿರುವುದುಂಟು. ಕೇಬಲ್ ಸಿಕ್ಕಿಸಿದ ಮೇಲೆ ಅದನ್ನು ಬಿಡಿಸಬೇಕು. ಮರೆತರೆ ಹೊಸ ಪಿಕಪ್ಪೂ ‘ನೋ ಡಿಸ್ಕ್’ ಅನ್ನುತ್ತದೆ, ಅಂಗಡಿಯವನ ಮೇಲೆ ಸುಮ್ನೆ ಜಗಳ.

ರೆಕಾರ್ಡರಿನ ಲೆಕ್ಕ ಬೇರೆ. ಒಳಗಿನ ಡ್ರೈವ್ ನೋಡಲು ಕಂಪ್ಯೂಟರಿನದರಂತೆಯೇ ಇರುತ್ತದೆ, ಕೇಬಲ್ಲೂ ಕೂರುತ್ತದೆ. ಆದರೆ ಹೆಚ್ಚಿನ ಯಂತ್ರಗಳು ತಮ್ಮ ಕಂಪನಿ ಒಪ್ಪಿದ ಡ್ರೈವನ್ನು ಬಿಟ್ಟು ಬೇರೆಯದನ್ನು ಮೂಸಿಯೂ ನೋಡುವುದಿಲ್ಲ. ಅದೇ ಮಾಡೆಲಿನ ಇನ್ನೊಂದು ಹಳೆ ಯಂತ್ರ ಸಿಕ್ಕರೆ ಡ್ರೈವ್ ಬದಲಿಸಿಕೊಳ್ಳಿ, ಅದೊಂದೇ ದಾರಿ.

ಕೆಲವು ಮೆಕ್ಯಾನಿಕ್‌ಗಳು ಪಿಕಪ್ಪಿನ ಪಕ್ಕದ ಚಿಕ್ಕ ಸ್ಕ್ರೂ ತಿರುಗಿಸಿ ‘ಸರಿಹೋಯ್ತು ನೋಡಿ’ ಅನ್ನುತ್ತಾರೆ. ಅದು ಲೇಸರಿಗೆ ಹೋಗುವ ಕರೆಂಟ್ ಹೆಚ್ಚಿಸುವುದು. ಆರುವ ದೀಪದ ಬತ್ತಿ ಎಳೆದ ಹಾಗೆ. ಒಂದಷ್ಟು ದಿನ ಚೆನ್ನಾಗಿ ಉರಿಯುತ್ತದೆ, ಆಮೇಲೆ ಪೂರ್ತಿ ಕತ್ತಲೆ. ಬೇಕೇ ಬೇಕಾದ ಡಿಸ್ಕುಗಳನ್ನು ಆ ಕೆಲವು ದಿನದಲ್ಲಿ ಕಾಪಿ ಮಾಡಿಕೊಳ್ಳುವುದಾದರೆ ಮಾತ್ರ ಒಪ್ಪಿ.

ನಮ್ಮ ರೆಕಾರ್ಡರಿನಲ್ಲಿ ಹಾರ್ಡ್ ಡಿಸ್ಕ್ ಇದೆ. ಡಿವಿಡಿ ಡ್ರೈವ್ ಸತ್ತರೆ ಅದರಲ್ಲಿರುವುದು ಹೋಯಿತೇ?

ಇಲ್ಲ. ಹಿಂದಿನ ಹಳದಿ, ಕೆಂಪು, ಬಿಳಿ ಪಿನ್ನುಗಳಿಂದ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ತಂತಿ ಎಳೆದು, ರೆಕಾರ್ಡರಿನಲ್ಲಿ ಪ್ಲೇ ಮಾಡುತ್ತಾ ಕಂಪ್ಯೂಟರಿನಲ್ಲಿ ಹಿಡಿಯಿರಿ. ಎರಡು ಗಂಟೆಯದಕ್ಕೆ ಎರಡು ಗಂಟೆಯೇ ಬೇಕು. ಹಾರ್ಡ್ ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ ಅದನ್ನು ಖಾಲಿ ಅಂದುಕೊಂಡು ಫಾರ್ಮ್ಯಾಟ್ ಮಾಡಲಾ ಅನ್ನುತ್ತದೆ. ಅಲ್ಲಿ ಒಂದು ಕ್ಲಿಕ್ ತಪ್ಪಿದರೆ ಎಲ್ಲ ಹೋಯಿತು.

ಟಿ.ವಿ. ಕಾರ್ಯಕ್ರಮ ಈಗಲೂ ರೆಕಾರ್ಡ್ ಮಾಡಬಹುದಾ?

ಅದರ ಟ್ಯೂನರ್ ಹಳೆಯ ಅನಲಾಗ್ ಕೇಬಲ್ಲಿನದು. ಬೆಂಗಳೂರು, ಮೈಸೂರಿಗೆ ಡಿಜಿಟಲ್ ಕೇಬಲ್ ಕಡ್ಡಾಯವಾಗಿದ್ದು 2013ರಲ್ಲಿ. ಈಗ ಸೆಟ್ ಟಾಪ್ ಬಾಕ್ಸಿನ ಎವಿ ಔಟ್‌ನಿಂದ ರೆಕಾರ್ಡರಿನ ಲೈನ್ ಇನ್‌ಗೆ ತಂತಿ ಹಾಕಬೇಕು, ಚಾನೆಲ್ ಬಾಕ್ಸಿನಲ್ಲೇ ಬದಲಿಸಬೇಕು.

ಡಿಸ್ಕಿನ ಮೇಲೆ ಕಂದು ಕಲೆಗಳಿವೆ. ಉಳಿಸಿಕೊಳ್ಳಬಹುದಾ?

ಅಂಚಿನಿಂದ ಗಾಳಿ ನುಗ್ಗಿ ಒಳ ಪದರ ಕಪ್ಪಾಗುತ್ತಿದೆ. ತೊಳೆದರೆ ಹೋಗದು. ಇಂಥ ಡಿಸ್ಕನ್ನು ರೆಕಾರ್ಡರಿಗೆ ಹತ್ತು ಸಲ ಹಾಕಿ ತೆಗೆಯುತ್ತಾ ಕೂರಬೇಡಿ. ಯುಎಸ್‌ಬಿ ಡಿವಿಡಿ ಡ್ರೈವ್ ಇರುವ ಕಂಪ್ಯೂಟರಿಗೆ ಹಾಕಿ. ಸಾಮಾನ್ಯ ಕಾಪಿ ಅರ್ಧಕ್ಕೆ ನಿಂತರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಿ. ಅದು ಓದಲು ಬಂದದ್ದನ್ನು ಮೊದಲು ಬಾಚಿಕೊಂಡು, ಬಾರದ್ದಕ್ಕೆ ಆಮೇಲೆ ಮತ್ತೆ ಮತ್ತೆ ಯತ್ನಿಸುತ್ತದೆ. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಡ್ರೈವ್ ಓದುವುದುಂಟು. ನೆಂಟರೊಬ್ಬರ ಮದುವೆಯ ಡಿಸ್ಕಿನಲ್ಲಿ ಧಾರೆಯ ಹೊತ್ತಿನ ಹನ್ನೊಂದು ನಿಮಿಷ ನನ್ನ ಎರಡೂ ಡ್ರೈವಿನಲ್ಲಿ ಬರಲಿಲ್ಲ. ಪಕ್ಕದ ಮನೆ ಹುಡುಗನ ಹಳೆ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಬಂತು.

ಕಾಪಿ ಆದ ಮೇಲೆ ಡಿಸ್ಕ್ ಎಸೆಯಬಹುದಾ?

ನಾನು ಎಸೆಯುವುದಿಲ್ಲ. ಬಿಸಿಲು ಬೀಳದ ಕಡೆ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ. ಮೇಲೆ ಕಾಗದದ ಸ್ಟಿಕರ್ ಅಂಟಿಸಬೇಡಿ, ತಿರುಗುವಾಗ ತೂಕ ಒಂದು ಕಡೆ ವಾಲುತ್ತದೆ. ಬಾಲ್ ಪೆನ್ನಿನಲ್ಲಿ ಬರೆಯಬೇಡಿ. ಸಿಡಿ ಮಾರ್ಕರಿನಲ್ಲಿ ತೂತಿನ ಸುತ್ತಲಿನ ಪಾರದರ್ಶಕ ಜಾಗದಲ್ಲಿ ಹೆಸರು, ವರ್ಷ ಬರೆದರೆ ಸಾಕು. ಕಾಪಿಯನ್ನು ಎರಡು ಕಡೆ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ ಇರಲಿ. ನನ್ನದು ತಂಗಿಯ ಮನೆಯಲ್ಲಿದೆ. ಉಗುರುಬಣ್ಣದ ದ್ರವದ ಬಾಟಲಿಯನ್ನು ಮಾತ್ರ ಅವಳು ಈಗಲೂ ನನ್ನ ಕೈಗೆ ಸಿಗದ ಹಾಗೆ ಇಡುತ್ತಾಳೆ.